ಎರಡನೆಯ ಭರಣಿ

2025ರ ಆಷಾಢ. ನಮ್ಮ ಸಾಗರದಲ್ಲಿ ಮಳೆ ಹಿಡಿಯಿತೆಂದರೆ ಬಿಡುವ ಮಾತಿಲ್ಲ, ಕರೆಂಟು ಹೋಯಿತೆಂದರೆ ಬರುವ ಖಾತರಿಯಿಲ್ಲ. ಆ ದಿನ ಸಂಜೆ ಕರೆಂಟು ಐದಾರು ಸಲ ಕಣ್ಣಾಮುಚ್ಚಾಲೆ ಆಡಿ, ರಾತ್ರಿ ಎಂಟರ ಹೊತ್ತಿಗೆ ಅಂತೂ ಬಂದು ಕೂತಿತು. ನಾನು ಒಂಬತ್ತನೇ ತರಗತಿಯ ಕಿರುಪರೀಕ್ಷೆಯ ಪತ್ರಿಕೆಗಳನ್ನು ಹರಡಿಕೊಂಡಿದ್ದೆ. ಆಗ ದೇವರ ಕೋಣೆಯ ಪಕ್ಕದ ಗೂಡಿನಿಂದ ಪೀಂ, ಪೀಂ ಎಂದು ಸದ್ದು ಶುರುವಾಯಿತು. ಅದರ ಹಿಂದೆಯೇ ಯಾರೋ ಉಗುರಿನಿಂದ ಬಾಗಿಲು ತಟ್ಟಿದ ಹಾಗೆ ಟಕ್, ಟಕ್.

"ಏನೇ ಅದು, ಇನ್ವರ್ಟರಾ?" ಎಂದರು ನಮ್ಮವರು, ಟಿವಿಯಿಂದ ಕಣ್ಣು ತೆಗೆಯದೆ.

ಇನ್ವರ್ಟರ್ ಅಲ್ಲ. ಮಗ ಇಟ್ಟು ಹೋದ ಪೆಟ್ಟಿಗೆ.

ಹೈದರಾಬಾದಿನಲ್ಲಿ ಕೆಲಸದಲ್ಲಿರುವ ಮಗ 2019ರ ಗಣೇಶನ ಹಬ್ಬಕ್ಕೆ ಬಂದಾಗ ಅದನ್ನು ತಂದಿದ್ದ. ಎರಡು ಟಿಫಿನ್ ಡಬ್ಬಿ ಜೋಡಿಸಿಟ್ಟಷ್ಟು ಗಾತ್ರ. ಒಳಗೆ ಎರಡು ಹಾರ್ಡ್ ಡಿಸ್ಕು, ಒಂದೊಂದೂ 4 ಟಿ.ಬಿ. "ಇದು ಮನೆಯ ಬ್ಯಾಕಪ್ ಸರ್ವರ್ ಅಮ್ಮ. ಎಲ್ಲರ ಫೋನಿನ ಫೋಟೊ, ಕಾಗದಪತ್ರ ಎಲ್ಲ ರಾತ್ರಿ ಹೊತ್ತು ತಾನಾಗೇ ಇದರೊಳಗೆ ಹೋಗುತ್ತೆ. ಒಂದು ಡಿಸ್ಕಿನಲ್ಲಿ ಇರೋದೇ ಇನ್ನೊಂದರಲ್ಲೂ ಇರುತ್ತೆ. ಒಂದು ಹೋದ್ರೆ ಇನ್ನೊಂದು" ಎಂದು ವಿವರಿಸಿದ.

"ಎರಡೂ ಹೋದ್ರೆ?" ಎಂದೆ.

"ಹೋಗಲ್ಲ ಬಿಡಮ್ಮ" ಎಂದ. ದೂರದೂರಿನಲ್ಲಿರುವ ಮಕ್ಕಳು ಬಹಳ ಧೈರ್ಯವಾಗಿ ಹೇಳುವ ಮಾತುಗಳಲ್ಲಿ ಇದೂ ಒಂದು.

ಆರು ವರ್ಷ ಅದು ತನ್ನ ಪಾಡಿಗೆ ತಾನು ಗುಂಯ್‌ಗುಡುತ್ತಾ ಇತ್ತು. ಶುಕ್ರವಾರ ದೇವರ ಕೋಣೆ ಒರೆಸುವಾಗ ಅದನ್ನೂ ಒಣಬಟ್ಟೆಯಲ್ಲಿ ಒರೆಸುತ್ತಿದ್ದೆ. ಅಷ್ಟೇ ನನಗೂ ಅದಕ್ಕೂ ಇದ್ದ ಸಂಬಂಧ. ಈಗ ಅದರ ಎರಡು ಹಸಿರು ದೀಪಗಳಲ್ಲಿ ಒಂದು ಕೆಂಪಾಗಿತ್ತು.

ಮಾರನೆಯ ದಿನ ಶಾಲೆ ಬಿಟ್ಟ ಮೇಲೆ ಪೆಟ್ಟಿಗೆಯನ್ನು ಚೀಲದಲ್ಲಿಟ್ಟುಕೊಂಡು ಬಸ್‌ಸ್ಟ್ಯಾಂಡಿನ ಹತ್ತಿರದ ಕಂಪ್ಯೂಟರ್ ಅಂಗಡಿಗೆ ಹೋದೆ. ಅಂಗಡಿಯ ಹುಡುಗ ನನ್ನ ಹಳೆಯ ವಿದ್ಯಾರ್ಥಿ. ಇತಿಹಾಸದಲ್ಲಿ ಮೂವತ್ತೈದರ ಗಡಿ ದಾಟಲು ಅವನು ಪಟ್ಟ ಪಾಡು ನನಗೆ ಗೊತ್ತು. ಈಗ ಅವನು ಹೇಳುವುದು, ನಾನು ತಲೆಯಾಡಿಸುವುದು. ಕಾಲ ಹೀಗೆ ಬೆಂಚು ಅದಲುಬದಲು ಮಾಡುತ್ತದೆ.

"ಮೇಡಂ, ಒಂದು ಡಿಸ್ಕ್ ಹೋಗಿದೆ. ಇನ್ನೊಂದೂ ಅದೇ ದಿನ ತಗೊಂಡಿದ್ದಲ್ವಾ? ಅದಕ್ಕೂ ಅಷ್ಟೇ ವಯಸ್ಸು. ನೋಡಿ, ಐವತ್ತು ಸಾವಿರ ಗಂಟೆ ದಾಟಿದೆ" ಎಂದು ಪರದೆಯ ಮೇಲೆ ತೋರಿಸಿದ. ಡಿಸ್ಕು ತಾನು ಎಷ್ಟು ಗಂಟೆ ದುಡಿದೆನೆಂದು ತಾನೇ ಲೆಕ್ಕ ಇಟ್ಟುಕೊಳ್ಳುತ್ತದಂತೆ. ನಮ್ಮ ಹೆಂಗಸರಿಗೂ ಇಂಥದೊಂದು ಮೀಟರ್ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಎನಿಸಿತು.

ಸತ್ತ ಡಿಸ್ಕನ್ನು ಬಿಚ್ಚಿ ತೋರಿಸು ಎಂದೆ. ಒಳಗೆ ಕನ್ನಡಿಯಂಥ ತಟ್ಟೆಗಳು. ಕೆಲಸ ಮಾಡುವಾಗ ಅವು ನಿಮಿಷಕ್ಕೆ 5,400 ಸುತ್ತು ತಿರುಗುತ್ತವೆ. ಅವುಗಳ ಮೇಲೆ ಓದುವ ಬರೆಯುವ ಮುಳ್ಳು, ಮುಟ್ಟದೆ, ಕೂದಲಿನ ದಪ್ಪದ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ ಅಂತರದಲ್ಲಿ ತೇಲುತ್ತಿರುತ್ತದೆ. ಮುಟ್ಟಿದರೆ ಮುಗಿಯಿತು. ಐ.ಬಿ.ಎಂ. ಕಂಪನಿ 1956ರಲ್ಲಿ ಮಾಡಿದ ಮೊಟ್ಟಮೊದಲ ಡಿಸ್ಕಿನಲ್ಲಿ ಇಂಥ ಐವತ್ತು ತಟ್ಟೆಗಳಿದ್ದವು, ಒಂದೊಂದೂ ಎರಡಡಿ ಅಗಲ. ಟನ್ನಿಗೂ ಮೇಲೆ ತೂಗುತ್ತಿದ್ದ ಆ ಯಂತ್ರದಲ್ಲಿ ಇಂದಿನ ಫೋನಿನ ಒಂದೇ ಒಂದು ಫೋಟೊ ಹಿಡಿಸಿದರೆ ಹೆಚ್ಚು. ಈಗ ಅಂಗೈಯಗಲದ ಡಬ್ಬಿಯಲ್ಲಿ ಮನೆತನವೇ ಹಿಡಿಸುತ್ತದೆ. ಹಿಡಿಸುವುದು ಬೆಳೆಯಿತು, ಹೋಗುವುದು ಮಾತ್ರ ಈಗಲೂ ಟಕ್ ಎಂಬ ಒಂದು ಸದ್ದಿನಲ್ಲೇ.

ಇನ್ನು ಬೆಲೆಯ ಮಾತು. ಇಂಥ ಪೆಟ್ಟಿಗೆಗಳಿಗೆಂದೇ ಮಾಡಿದ ಹೊಸ 4 ಟಿ.ಬಿ. ಡಿಸ್ಕಿಗೆ 10,600 ರೂಪಾಯಿ ಎಂದ. ಚಿಕ್ಕದು ಹಾಕಿದರೆ ಆಗದೇ ಎಂದೆ. ಆಗುವುದಿಲ್ಲವಂತೆ, ಜೋಡಿಯಲ್ಲಿ ಒಂದು ಹೋದರೆ ಬದಲಿಗೆ ಬರುವುದು ಅಷ್ಟೇ ದೊಡ್ಡದು ಇಲ್ಲವೇ ಅದಕ್ಕಿಂತ ದೊಡ್ಡದಿರಬೇಕು. ಸ್ವಲ್ಪ ಅಗ್ಗದ್ದೊಂದು ಬಗೆ ಇದೆ, ಆದರೆ ಅದು ಇದಕ್ಕೆ ಬೇಡ ಎಂದ. ಏಕೆ ಎಂದು ಕೇಳಿದರೆ ಅಂಗಡಿಯ ಎದುರಿನ ಹಳೆಯ ಮಂಗಳೂರು ಹೆಂಚಿನ ಮಾಡು ತೋರಿಸಿದ. ಅಗ್ಗದ ಡಿಸ್ಕಿನಲ್ಲಿ ಬರಹದ ಸಾಲುಗಳನ್ನು ಹೆಂಚು ಹೊದಿಸಿದ ಹಾಗೆ ಒಂದರ ಅಂಚಿನ ಮೇಲೆ ಒಂದು ಕೂರಿಸಿರುತ್ತಾರೆ. ಜಾಗ ಉಳಿಯುತ್ತದೆ ನಿಜ. ಆದರೆ ನಡುವಿನ ಒಂದು ಹೆಂಚು ಬದಲಿಸಬೇಕಾದರೆ ಅದರ ಮೇಲೆ ಕೂತವನ್ನೂ ಎತ್ತಿ ಮತ್ತೆ ಹೊದಿಸಬೇಕಲ್ಲ, ಹಾಗೆ. ಜೋಡಿ ಡಿಸ್ಕನ್ನು ಹೊಸದಾಗಿ ತುಂಬಿಸುವಾಗ ಇದು ತೆವಳುತ್ತದೆ, ಕೆಲವೊಮ್ಮೆ ಅರ್ಧಕ್ಕೇ ನಿಂತುಬಿಡುತ್ತದೆ. 2020ರಲ್ಲಿ, ಡಬ್ಬಿಯ ಮೇಲೆ ಒಂದು ಮಾತೂ ಹೇಳದೆ ಇಂಥವನ್ನು ಮಾರುತ್ತಿದ್ದದ್ದು ಬಯಲಾಗಿ ದೊಡ್ಡ ಗಲಾಟೆಯೇ ಆಗಿತ್ತಂತೆ. ಹೆಂಚಿನ ಮನೆಯಲ್ಲಿ ಹುಟ್ಟಿ ಬೆಳೆದ ನನಗೆ ಇದು ಮಾತ್ರ ಒಂದೇ ಸಲಕ್ಕೆ ಅರ್ಥವಾಯಿತು.

ಮೂರನೆಯ ದಾರಿ ಹಳೆಯ ಡಿಸ್ಕು. ದೊಡ್ಡ ಕಂಪನಿಗಳಲ್ಲಿ ನಾಲ್ಕೈದು ವರ್ಷ ದುಡಿದು ನಿವೃತ್ತವಾದವು, ಪರೀಕ್ಷೆ ಮಾಡಿ ಮತ್ತೆ ಮಾರುತ್ತಾರೆ. 4,800 ರೂಪಾಯಿ, ಅಂಗಡಿಯವರದೇ ಒಂದು ವರ್ಷದ ಗ್ಯಾರಂಟಿ. "ತೀರಾ ಕೆಟ್ಟದ್ದೇನಲ್ಲ ಮೇಡಂ. ಆದ್ರೆ ಎಷ್ಟು ಗಂಟೆ ಓಡಿದೆ ಅನ್ನೋ ಲೆಕ್ಕವನ್ನೇ ಅಳಿಸಿ ಮಾರೋರೂ ಇದ್ದಾರೆ" ಎಂದ. 2025ರ ಆರಂಭದಲ್ಲಿ ಜರ್ಮನಿಯಲ್ಲಿ ಹಾಗೆ ಗಂಟೆ ಅಳಿಸಿದ ಡಿಸ್ಕುಗಳನ್ನು ಹೊಚ್ಚಹೊಸದೆಂದೇ ಮಾರಿದ ಸುದ್ದಿಯನ್ನು ಫೋನಿನಲ್ಲಿ ತೋರಿಸಿದ. ತನ್ನ ಅಂಗಡಿಯ ಮಾಲಿನ ದೋಷವನ್ನು ತಾನೇ ಹೇಳುವ ವ್ಯಾಪಾರಿ! ಆ ಮೂವತ್ತೈದು ಅಂಕ ಹಾಕಿ ಪಾಸು ಮಾಡಿದ್ದು ಸಾರ್ಥಕವಾಯಿತು.

"ಡಿಸ್ಕ್ ಯಾವುದಾದ್ರೂ ತಗೊಳ್ಳಿ, ನಿಧಾನಕ್ಕೆ ಯೋಚನೆ ಮಾಡಿ. ಆದ್ರೆ ಇವತ್ತು ರಾತ್ರಿನೇ ಒಂದು ಕೆಲಸ ಮಾಡಿ. ಹೊಸದು ಹಾಕಿದಾಗ ಉಳಿದಿರೋ ಹಳೇ ಡಿಸ್ಕನ್ನ ಮೊದಲಿಂದ ಕೊನೇವರೆಗೂ ಓದಬೇಕಾಗುತ್ತೆ, ಗಂಟೆಗಟ್ಟಲೆ. ಅದೇ ಹೊತ್ತಲ್ಲಿ ಅದೂ ಕೈಕೊಡೋದುಂಟು. ಅದಕ್ಕೇ ಮುಖ್ಯವಾದ್ದನ್ನೆಲ್ಲ ಮೊದಲು ಇದಕ್ಕೆ ಹಾಕ್ಕೊಂಡು, ಪೆಟ್ಟಿಗೆ ಆಫ್ ಮಾಡಿಡಿ" ಎಂದು 64 ಜಿ.ಬಿ.ಯ ಒಂದು ಪೆನ್‌ಡ್ರೈವ್ ಕೈಗಿಟ್ಟ.

ಮುಖ್ಯವಾದ್ದು. ಎಷ್ಟು ಸುಲಭವಾಗಿ ಹೇಳಿಬಿಟ್ಟ.

ರಾತ್ರಿ ಊಟವಾದ ಮೇಲೆ ಲ್ಯಾಪ್‌ಟಾಪ್ ಮುಂದೆ ಕೂತೆ. ಆರು ವರ್ಷದಲ್ಲಿ ಪೆಟ್ಟಿಗೆಯಲ್ಲಿ 1.6 ಟಿ.ಬಿ. ತುಂಬಿತ್ತು. ನನ್ನ ಕೈಯಲ್ಲಿದ್ದದ್ದು ಅದರ ಇಪ್ಪತ್ತೈದರಲ್ಲಿ ಒಂದು ಪಾಲು. ಮನೆಗೆ ನೀರು ನುಗ್ಗಿದಾಗ ಒಂದು ಕೈಚೀಲ ಹಿಡಿದು ನಿಂತವಳ ಸ್ಥಿತಿ. ನೋಡಿದರೆ, ಒಂದೇ ಜೋಗದ ಜಲಪಾತದ ಮುಂದೆ ಒಂದೇ ಭಂಗಿಯಲ್ಲಿ ನಿಂತ ಹದಿನೇಳು ಫೋಟೊ. ಇವರ ಅಣ್ಣನ ಮಕ್ಕಳ ಮದುವೆಯ ವಿಡಿಯೊ, ಯಾರೂ ಇವತ್ತಿನವರೆಗೆ ಪೂರ್ತಿ ನೋಡದ್ದು. ಗುಲಾಬಿ ಹೂವಿನ ಮೇಲೆ 'ಶುಭೋದಯ' ಎಂದು ಬರೆದ ಚಿತ್ರಗಳು, ಎಣಿಸಲಾರದಷ್ಟು. ಇವನ್ನೆಲ್ಲ ಹಗಲು ರಾತ್ರಿ ಕಾಯಲು ನಾವು ಕರೆಂಟು ಸುಟ್ಟಿದ್ದೆವು.

ಮೊದಲು ಮಗನ ಬಾಲ್ಯದ ಫೋಟೊಗಳು. ಆಮೇಲೆ ನನ್ನ ಅಪ್ಪ ಅಮ್ಮನವು. ಮನೆಯ ಪತ್ರ, ಇವರ ಪಿಂಚಣಿ ಕಾಗದ. ನನ್ನ ಮೂವತ್ತು ವರ್ಷದ ತರಗತಿ ಫೋಟೊಗಳು. ಕಾಶಿಯಾತ್ರೆಯ ವಿಡಿಯೊ. ಹನ್ನೊಂದೂವರೆಗೆ 'ಜಾಗ ಸಾಲದು' ಎಂದು ಬಂತು. ಸಾಕು, ಮುಖ್ಯವಾದ್ದೆಲ್ಲ ಬಂತು ಎಂದು ಪೆಟ್ಟಿಗೆ ಆರಿಸಿ ಮಲಗಿದೆ.

ಮೂರು ಗಂಟೆಗೆ ಎಚ್ಚರವಾಯಿತು. ಎದೆ ಹೊಡೆದುಕೊಳ್ಳುತ್ತಿತ್ತು. ಹೊಲಿಗೆ ಅಕ್ಕನ ಮಗ!

ಹಿಂದಿನ ಬೀದಿಯಲ್ಲಿ ರವಿಕೆ ಹೊಲಿಯುವ ಅಕ್ಕ ಅವರು. ಗಂಡ ತೀರಿ ಬಹಳ ವರ್ಷವಾಗಿತ್ತು. ಹೊಲಿಗೆ ಯಂತ್ರದ ಮೇಲೆಯೇ ಒಬ್ಬನೇ ಮಗನನ್ನು ಓದಿಸಿ ಬೆಂಗಳೂರಿಗೆ ಕಳಿಸಿದ್ದರು. 2021ರ ಮೇ ತಿಂಗಳಲ್ಲಿ, ಕೊರೊನಾದ ಎರಡನೇ ಅಲೆಯಲ್ಲಿ, ಇಪ್ಪತ್ತನಾಲ್ಕು ವರ್ಷದ ಹುಡುಗ ಅಲ್ಲೇ ತೀರಿಕೊಂಡ. ಅವರಿಗೆ ಮುಖ ನೋಡಲೂ ಸಿಗಲಿಲ್ಲ. ಮರುವರ್ಷ ಒಂದು ಸಂಜೆ ರವಿಕೆ ಕಣದಲ್ಲಿ ಸುತ್ತಿದ ಎರಡು ಫೋನು ಹಿಡಿದುಕೊಂಡು ಬಂದರು. ಒಂದು ಅವನದು, ಒಂದು ತಮ್ಮದು. "ಟೀಚರೇ, ನನ್ನ ಫೋನ್ ಸ್ಕ್ರೀನ್ ಅರ್ಧ ಹೋಗಿದೆ. ಇದರಲ್ಲಿ ಅವನ ಮಾತಿದೆ. ನಿಮ್ಮ ಮಗ ಇಟ್ಟಿರೋ ಪೆಟ್ಟಿಗೇಲಿ ಇದನ್ನೂ ಇಟ್ಕೊಳ್ತೀರಾ?" ಎಂದರು. ಆ ದೀಪಾವಳಿಗೆ ಮಗ ಬಂದಾಗ ಕೂತು ಎಲ್ಲ ತೆಗೆದಿಟ್ಟ. 213 ಫೋಟೊ, 41 ಧ್ವನಿ ಸಂದೇಶ. 'ಅಮ್ಮ ಊಟ ಆಯ್ತಾ', 'ಅಮ್ಮ ಬಸ್ ಸಿಕ್ತು', 'ಅಮ್ಮ ದುಡ್ಡು ಹಾಕಿದೀನಿ ನೋಡು'. ಎಲ್ಲ ಸೇರಿ 1 ಜಿ.ಬಿ.ಯೂ ಇಲ್ಲ.

ಅವನ ಫೋಟೊಗಳು ಗೂಗಲ್‌ನಲ್ಲಿ ಇರುವುದಿಲ್ಲವೇ ಎಂದು ನೀವು ಕೇಳಬಹುದು. ಇತ್ತೋ ಏನೋ, ಅದರ ಪಾಸ್‌ವರ್ಡು ಅವನ ಜೊತೆಯಲ್ಲೇ ಹೋಯಿತು. 2015ರಲ್ಲಿ ಎಷ್ಟು ಫೋಟೊ ಬೇಕಾದರೂ ಪುಕ್ಕಟೆ ಇಡಿ ಎಂದು ಕರೆದವರು 2021ರ ಜೂನ್ 1ರಿಂದ 15 ಜಿ.ಬಿ. ದಾಟಿದರೆ ಬಾಡಿಗೆ ಎಂದರು. ಎರಡು ವರ್ಷ ಬಳಸದ ಖಾತೆಗಳನ್ನು ಅಳಿಸಬಹುದೆಂಬ ನಿಯಮವನ್ನು 2023ರಲ್ಲಿ ತಂದರು. ಅವರ ಮಟ್ಟಿಗೆ ಅದು ಸರಿಯೇ ಇರಬಹುದು. ಸತ್ತವರು ಎರಡು ವರ್ಷಕ್ಕೊಮ್ಮೆ ಬಂದು ಲಾಗಿನ್ ಆಗಲಾರರು, ಅಷ್ಟೇ.

ಮೂರು ಗಂಟೆಯ ಕತ್ತಲಲ್ಲಿ ಎದ್ದು ಪೆಟ್ಟಿಗೆಯ ಗುಂಡಿ ಒತ್ತಿದೆ. ಉಳಿದ ಆ ಒಂದು ಡಿಸ್ಕು ತಿರುಗಲು ಶುರುಮಾಡಿ ಹಸಿರು ದೀಪ ಬರುವವರೆಗಿನ ಎರಡು ನಿಮಿಷ ನಾನು ಯಾವ ದೇವರಿಗೆ ಏನು ಹೇಳಿಕೊಂಡೆನೋ ನೆನಪಿಲ್ಲ. ಪೆನ್‌ಡ್ರೈವಿನಿಂದ ಕಾಶಿಯಾತ್ರೆ ಅಳಿಸಿದೆ. ಅಕ್ಕನ ಮಗ ಅಲ್ಲಿ ಬಂದು ಕೂರಲು ಎರಡು ನಿಮಿಷವೂ ಹಿಡಿಯಲಿಲ್ಲ.

ಬೆಳಗಿನವರೆಗೆ ನಿದ್ದೆ ಬರಲಿಲ್ಲ. ಡಿಸ್ಕಿನ ಚಿಂತೆ ಆಗಲೇ ಕಳೆದಿತ್ತು. ನನ್ನನ್ನು ಕಾಡಿದ್ದು ಪಟ್ಟಿಯ ಕ್ರಮ. ಯಾರೂ ನೋಡದಿದ್ದಾಗ, ಯಾರೂ ಕೇಳದಿದ್ದಾಗ, ನಾನು ಬರೆದುಕೊಂಡ 'ಮುಖ್ಯ'ದ ಪಟ್ಟಿಯಲ್ಲಿ ಕಾಶಿಯಾತ್ರೆಗೂ ಜಾಗ ಇತ್ತು, ಅವನಿಗೆ ಇರಲಿಲ್ಲ. ನನ್ನ ಮಗನ ಬಾಲ್ಯವನ್ನು ಮೊದಲು ಎತ್ತಿಕೊಂಡದ್ದು ತಪ್ಪೆಂದು ನನಗೆ ಈಗಲೂ ಅನಿಸುವುದಿಲ್ಲ. ನೆರೆ ಬಂದಾಗ ಯಾವ ತಾಯಿಯೂ ತನ್ನ ಕೂಸನ್ನೇ ಮೊದಲು ಎತ್ತುತ್ತಾಳೆ. ಆದರೆ ತನ್ನ ಕೂಸಿನ ಜೊತೆ ತನ್ನ ಪಾತ್ರೆ ಪಡಗವನ್ನೂ ಎತ್ತಿಕೊಂಡು, ಪಕ್ಕದ ಮನೆಯಾಕೆ ನಂಬಿ ಮಲಗಿಸಿ ಹೋದ ಕೂಸನ್ನು ಮರೆತು ದಾಟಿದರೆ?

ನಮ್ಮ ಹಳೆಯ ಧರ್ಮಶಾಸ್ತ್ರಗಳು ಹದಿನೆಂಟು ಬಗೆಯ ವ್ಯಾಜ್ಯಗಳನ್ನು ಎಣಿಸುವಾಗ ಸಾಲದ ನಂತರ ಎರಡನೆಯದಾಗಿಯೇ 'ನಿಕ್ಷೇಪ'ವನ್ನು ಹೇಳುತ್ತವೆ. ನಿಕ್ಷೇಪವೆಂದರೆ ಒಬ್ಬರು ನಂಬಿ ಇನ್ನೊಬ್ಬರ ಹತ್ತಿರ ಇಟ್ಟ ವಸ್ತು. ಕೊಲೆ, ಕಳ್ಳತನಕ್ಕಿಂತ ಮೊದಲು ಇದು! ನಾರದಸ್ಮೃತಿಯಲ್ಲಿ ಒಂದು ಸೂಕ್ಷ್ಮವಿದೆ: ಇಟ್ಟುಕೊಂಡವನ ಸ್ವಂತ ಸ್ವತ್ತಿನ ಜೊತೆಯಲ್ಲೇ ಇಟ್ಟ ವಸ್ತುವೂ ನಾಶವಾದರೆ, ನಷ್ಟ ಇಟ್ಟವನದೇ. ಅಂದರೆ ಬೆಂಕಿ ಇಬ್ಬರನ್ನೂ ಸುಟ್ಟಿದ್ದರೆ ಇಟ್ಟುಕೊಂಡವನ ತಪ್ಪಿಲ್ಲ. ಬಿ.ಎ.ಯಲ್ಲಿ ಪರೀಕ್ಷೆಗೆಂದು ಓದಿದ್ದು. ಆ ರಾತ್ರಿ ಹನ್ನೊಂದೂವರೆಯಿಂದ ಮೂರರ ತನಕ ನಾನು ಈ ವಿನಾಯಿತಿಯ ಆಚೆ ಇದ್ದೆ. ಡಿಸ್ಕು ಅಷ್ಟರಲ್ಲಿ ಸತ್ತಿದ್ದರೆ ನನ್ನದು ಉಳಿದು ಅವರದು ಮಾತ್ರ ಹೋಗಿರುತ್ತಿತ್ತು.

ಇನ್ನೂ ಒಂದು ಮಾತು ಹೇಳಿಬಿಡುತ್ತೇನೆ. ಆ ದೀಪಾವಳಿಗೆ ಅಕ್ಕ ನನ್ನ ಎರಡು ಲೈನಿಂಗ್ ರವಿಕೆಗೆ ಹೊಲಿಗೆ ಕೂಲಿ ತೆಗೆದುಕೊಳ್ಳಲಿಲ್ಲ. ನಾನೂ ಒಂದೆರಡು ಸಲ ಒತ್ತಾಯ ಮಾಡಿ, ಸುಮ್ಮನಾಗಿದ್ದೆ. ಹಾಗಾಗಿ ನಾನು ಪುಕ್ಕಟೆ ಕಾವಲುಗಾರ್ತಿಯೂ ಅಲ್ಲ.

ಇಷ್ಟಾದ ಮೇಲೂ, ನಂಬಿದರೆ ನಂಬಿ, ಡಿಸ್ಕು ಕೊಳ್ಳಲು ನಾವು ಹನ್ನೆರಡು ದಿನ ತೆಗೆದುಕೊಂಡೆವು. ಮಧ್ಯಮವರ್ಗದ ಮನೆಯಲ್ಲಿ 10,600 ರೂಪಾಯಿಯ ಮೇಲೆ ನಾಲ್ಕು ಸುತ್ತಾದರೂ ಚರ್ಚೆ ಆಗದಿದ್ದರೆ ಅದು ದುಡ್ಡಿಗೇ ಅವಮಾನ. ಇವರು ಅಂಚೆ ಇಲಾಖೆಯಲ್ಲಿ 36 ವರ್ಷ ದುಡಿದು ನಿವೃತ್ತರಾದವರು. ಲೆಕ್ಕ ಚೊಕ್ಕ. "ಒಂದು ಹೊಸದರ ಬೆಲೆಗೆ ಎರಡು ಹಳೇದು ಬರುತ್ತಲ್ಲೇ. ಮೇಲೆ ಸಾವಿರ ಉಳಿತಾಯ. ಒಬ್ಬ ಹೊಸ ಕಾವಲುಗಾರನಿಗಿಂತ ಇಬ್ಬರು ಹಳಬರು ಮೇಲಲ್ವಾ?" ಎಂದರು. ಮಾತಿನಲ್ಲಿ ತೂಕವಿತ್ತು. ನಾನು ಬಿ.ಇಡಿ. ಓದಿದ್ದು ಪೂರ್ತಿ ಸೆಕೆಂಡ್ ಹ್ಯಾಂಡ್ ಪುಸ್ತಕಗಳಲ್ಲಿ. ಇವರ ಸ್ಕೂಟರ್ ಸೆಕೆಂಡ್ ಹ್ಯಾಂಡ್. ಹಳೆಯದೆಂದರೆ ಮೂಗು ಮುರಿಯುವ ಮನೆ ನಮ್ಮದಲ್ಲ. ಆದರೆ ಒಂದೇ ಕಂಪನಿಯಲ್ಲಿ ಅಷ್ಟೇ ವರ್ಷ ದುಡಿದು ಒಟ್ಟಿಗೆ ಹೊರಬಿದ್ದ ಇಬ್ಬರು ಒಟ್ಟಿಗೇ ಹಾಸಿಗೆ ಹಿಡಿಯುವುದೂ ಉಂಟಲ್ಲ!

ಅವರ ಎರಡನೆಯ ವಾದ ಇನ್ನೂ ಗಟ್ಟಿ. "ನಮ್ಮಜ್ಜನ ಒಂದೂ ಫೋಟೊ ಇಲ್ಲ. ಮರೆತಿದೀವಾ? ಹೋದವರ ನೆನಪು ನಿಧಾನಕ್ಕೆ ಮಾಸಬೇಕು ಕಣೇ, ಅದೂ ಒಂದು ಔಷಧಿ. ಧ್ವನಿ ಹಿಡಿದಿಟ್ಟು ಆ ತಾಯಿಗೆ ಗಾಯ ಹಸಿಯಾಗೇ ಇಡೋದು ಉಪಕಾರವಾ?"

ಇದಕ್ಕೆ ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಮರೆವು ವರವೆಂದು ನಾನೂ ನಂಬಿದವಳು. ಎರಡು ದಿನ ಕಳೆದು, ಚಪಾತಿ ಲಟ್ಟಿಸುವಾಗ, ಅಡಿಗೆಮನೆಯಲ್ಲೇ ಉತ್ತರ ಸಿಕ್ಕಿತು. ಮರೆಯುವ ಹಕ್ಕು ಅವರದು. ಅದನ್ನು ಅವರ ಪರವಾಗಿ ನಾನು, ಅದೂ ನನ್ನ ಆರು ಸಾವಿರ ಉಳಿಸಿಕೊಳ್ಳುವುದಕ್ಕೆ, ಚಲಾಯಿಸುವಂತಿಲ್ಲ. ಇಷ್ಟು ವರ್ಷ ಮಿತವ್ಯಯವೇ ದೊಡ್ಡ ಗುಣವೆಂದು ಮಕ್ಕಳಿಗೆ ಪಾಠ ಹೇಳಿದ್ದೇನೆ. ಹಳೆ ಸೀರೆ ಕೌದಿಯಾಗಬೇಕು, ಸವೆದ ಸೋಪು ಹೊಸದಕ್ಕೆ ಅಂಟಬೇಕು. ನನ್ನ ವಸ್ತುವಿನ ಮೇಲೆ ಮಾಡಿದರೆ ಅದು ಮಿತವ್ಯಯ. ಇನ್ನೊಬ್ಬರು ಇಟ್ಟದ್ದರ ಮೇಲೆ ಅದನ್ನೇ ಮಾಡಿದರೆ ಅದಕ್ಕೆ ಬೇರೆ ಹೆಸರಿದೆ.

ರಾತ್ರಿ ಕೇಳಿದೆ: "ಯಾರದೋ ಮನಿಯಾರ್ಡರ್ ದುಡ್ಡನ್ನ ನೀವು ಹರಕು ಜೇಬಲ್ಲಿ ಇಟ್ಕೊಂಡು ಹೋಗ್ತಿದ್ರಾ?"

"ಅದು ಸರ್ಕಾರದ ದುಡ್ಡು."

"ಅಲ್ಲ. ಅದು ಯಾವಳೋ ಅಜ್ಜಿದು."

ಮಾತಾಡಲಿಲ್ಲ. ಬೆಳಿಗ್ಗೆ ಕಾಫಿ ಲೋಟದ ಪಕ್ಕ ದುಡ್ಡು ಇತ್ತು. ಸರಿಯಾಗಿ 10,600. ಬಸ್ಸಿನ ಚಾರ್ಜು ನಾನೇ ಹಾಕಿಕೊಳ್ಳಬೇಕು!

ಹೊಸ ಡಿಸ್ಕು ತಂದದ್ದಾಯಿತು. ಆದರೆ ಅಷ್ಟರಲ್ಲಿ ನನಗೆ ಇನ್ನೊಂದು ಹುಳ ಹೊಕ್ಕಿತ್ತು. ನಮ್ಮ ಕಡೆ ಅಪ್ಪೆಮಿಡಿ ಉಪ್ಪಿನಕಾಯಿ ಹಾಕುವಾಗ ನನ್ನಮ್ಮ ಎರಡು ಭರಣಿ ಮಾಡುತ್ತಿದ್ದಳು. ಒಂದು ದಿನಬಳಕೆಗೆ ಕೆಳಗೆ. ಇನ್ನೊಂದು ಬಾಯಿಗೆ ಬಟ್ಟೆ ಕಟ್ಟಿ ಅಟ್ಟದ ಮೇಲೆ. ಅದನ್ನು ಅಮ್ಮನ ಹೊರತು ಯಾರೂ ಮುಟ್ಟುವಂತಿಲ್ಲ. ಕೆಳಗಿನದಕ್ಕೆ ಯಾರೋ ಹಸಿ ಸೌಟು ಹಾಕಿ ಬೂಸ್ಟು ಹಿಡಿದರೂ ಮೇಲಿನದು ಉಳಿಯುತ್ತಿತ್ತು. ನಮ್ಮ ಪೆಟ್ಟಿಗೆಯ ಎರಡು ಡಿಸ್ಕು ಎರಡು ಭರಣಿಯೆಂದೇ ನಾನು ಇಷ್ಟು ದಿನ ತಿಳಿದಿದ್ದೆ. ಹುಡುಗನನ್ನು ಕೇಳಿದ ಮೇಲೆ ಗೊತ್ತಾಯಿತು, ಅಲ್ಲ. ಅದು ಒಂದಕ್ಕೆ ಸೌಟು ಹಾಕಿದರೆ ಅದೇ ಗಳಿಗೆಗೆ ಇನ್ನೊಂದಕ್ಕೂ ಸೌಟು ಬೀಳುವ ಭರಣಿ. ಒಂದು ಡಿಸ್ಕು ಸತ್ತರೆ ಇನ್ನೊಂದು ಕಾಯುತ್ತದೆ ನಿಜ; ಆದರೆ ನಾನೇ ಮರೆತು ಒಂದು ಫೋಟೊ ಅಳಿಸಿದರೆ ಎರಡರಲ್ಲೂ ಅಳಿಯುತ್ತದೆ. ಸಿಡಿಲು ಹೊಡೆದರೆ, ಕಳ್ಳ ಹೊತ್ತರೆ, ಎರಡೂ ಒಟ್ಟಿಗೆ ಹೋಗುತ್ತವೆ. ಮೂರು ಪ್ರತಿ ಇರಬೇಕು, ಎರಡು ಬಗೆಯ ವಸ್ತುವಿನಲ್ಲಿರಬೇಕು, ಒಂದಾದರೂ ಮನೆಯ ಹೊರಗಿರಬೇಕು ಎಂದು ಈ ಕಸುಬಿನವರ ಸೂತ್ರವಂತೆ.

ಇದು ಹೊಸ ಜ್ಞಾನವೇನಲ್ಲ ಎಂದು ಮನೆಗೆ ಬರುವ ದಾರಿಯಲ್ಲಿ ಹೊಳೆಯಿತು. ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣವನ್ನು ಓಲೆಗರಿಯಲ್ಲಿ ಸಾವಿರ ಪ್ರತಿ ಬರೆಸಿ ಹಂಚಿದಳೆಂದು ಎಷ್ಟು ವರ್ಷ ಪಾಠ ಮಾಡಿದ್ದೇನೆ! 'ದಾನಚಿಂತಾಮಣಿ' ಎಂಬ ಬಿರುದನ್ನು ಬಾಯಿಪಾಠ ಮಾಡಿಸಿದ್ದೇನೆ. ಆ ಕಾವ್ಯವನ್ನು ಬರೆಸಿದವರು ಅವಳ ತಂದೆ ಮಲ್ಲಪ ಮತ್ತು ಚಿಕ್ಕಪ್ಪ ಪುನ್ನಮಯ್ಯ. ಮನೆಯವರು ಬಿಟ್ಟುಹೋದದ್ದನ್ನು ಆಕೆ ಒಂದು ಪೆಟ್ಟಿಗೆಯಲ್ಲಿ ಭದ್ರಮಾಡಿ ಬೀಗ ಹಾಕಲಿಲ್ಲ, ಸಾವಿರ ಮನೆಗೆ ಕೊಟ್ಟಳು. ಶಾಂತಿಪುರಾಣ ನಮಗೆ ಸಿಕ್ಕಿದೆ. ಅದೇ ಪೊನ್ನನ ಭುವನೈಕರಾಮಾಭ್ಯುದಯ ಸಿಕ್ಕಿಲ್ಲ. ಸಾವಿರ ಪ್ರತಿಯೇ ಕಾರಣವೆಂದು ಸಾಧಿಸಲು ನಾನು ಪಂಡಿತಳಲ್ಲ. ಆದರೆ ಕಾಪಾಡುವುದೆಂದರೆ ಕೈಯಲ್ಲಿ ಬಿಗಿಹಿಡಿಯುವುದು ಎಂದುಕೊಂಡಿದ್ದ ನನಗೆ ಆ ಹೆಂಗಸು ಬೇರೆ ಏನನ್ನೋ ಹೇಳಿದಳು. ಆಕೆಯ ಪಾಠವನ್ನು ಪ್ರತಿವರ್ಷ ಎರಡು ಅಂಕದ ಪ್ರಶ್ನೆಯಾಗಿ ಮುಗಿಸಿಬಿಟ್ಟಿದ್ದೆ.

ಮರಳಿ ಅಂಗಡಿಗೆ ಹೋಗಿ ಎರಡು ಚಿಕ್ಕ ಪೆನ್‌ಡ್ರೈವ್ ತಂದೆ. ಅಕ್ಕನ ಮಗನನ್ನು ಎರಡರಲ್ಲೂ ಹಾಕಿದೆ. ಒಂದು ಹುಬ್ಬಳ್ಳಿಯ ನನ್ನ ತಂಗಿಯ ಬೀರುವಿಗೆ ಹೋಯಿತು. ಇಂಥವು ಕರೆಂಟಿಲ್ಲದೆ ವರ್ಷಗಟ್ಟಲೆ ಬಿದ್ದಿದ್ದರೆ ಬರೆದದ್ದು ಮಾಸಬಹುದಂತೆ. ಅದಕ್ಕೆ ವರ್ಷಕ್ಕೊಮ್ಮೆ ಹಾಕಿ ನೋಡಬೇಕು. ನಮ್ಮ ಮನೆಯ 1.6 ಟಿ.ಬಿ.ಯಲ್ಲಿ ನಿಜವಾಗಿ ಬೇಕಾದ್ದು ಎಷ್ಟೆಂದು ಆರಿಸುವ ಕೆಲಸ ಇನ್ನೂ ನಡೆದಿದೆ. ಜೋಗದ ಹದಿನೇಳರಲ್ಲಿ ಎರಡು ಉಳಿಸಿದ್ದೇನೆ. ಅವೆರಡರಲ್ಲಿ ಯಾವುದೆಂದು ಇವರೂ ನಾನೂ ಒಪ್ಪಿಲ್ಲ.

ಎರಡನೆಯ ಪೆನ್‌ಡ್ರೈವ್ ಹಿಡಿದು ಹಿಂದಿನ ಬೀದಿಗೆ ಹೋದೆ. ನಾಗರಪಂಚಮಿ ಹತ್ತಿರವಿತ್ತು, ಅಕ್ಕನ ಸುತ್ತ ರವಿಕೆ ಕಣಗಳ ರಾಶಿ. ಹೋಗುವಾಗಲೇ ನಿರ್ಧರಿಸಿದ್ದೆ, ಮುಚ್ಚಿಡಬಾರದೆಂದು. ಡಿಸ್ಕು ಹೋದದ್ದು, ಆ ರಾತ್ರಿ ನಾನು ಮರೆತದ್ದು, ಹನ್ನೆರಡು ದಿನ ಚೌಕಾಸಿ ಮಾಡಿದ್ದು, ಎಲ್ಲ ಹೇಳಿದೆ. ಹೇಳುವಾಗ ನನ್ನ ಧ್ವನಿ ತರಗತಿಯಲ್ಲಿ ಹೋಂವರ್ಕ್ ಮಾಡದ ಹುಡುಗಿಯ ಧ್ವನಿಯ ಹಾಗಾಗಿತ್ತು.

ಅವರು ಯಂತ್ರದ ಚಕ್ರ ನಿಲ್ಲಿಸಿ ಕೇಳಿದರು. ಬಹಳ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ, "ನೀವು ಆವತ್ತೇ ಹೇಳಿದ್ರೆ ನನಗೆ ನಿದ್ದೆ ಬರ್ತಿರ್ಲಿಲ್ಲ. ಹೇಳದೇ ಇದ್ದಿದ್ದು ಒಳ್ಳೇದಾಯ್ತು" ಎಂದರು. ಸ್ವಲ್ಪ ತಡೆದು, "ಈಗ ಹೇಳಿದ್ದೂ ಒಳ್ಳೇದಾಯ್ತು" ಎಂದರು.

"ಲ್ಯಾಪ್‌ಟಾಪ್ ತಂದಿದೀನಿ ಅಕ್ಕ. ಒಂದು ಸಲ ಕೇಳ್ತೀರಾ?"

ತಲೆಯಾಡಿಸಿದರು, ಬೇಡವೆಂದು. "ಎರಡು ವರ್ಷದಿಂದ ಕೇಳಿಲ್ಲ ಟೀಚರೇ. ಕೇಳೋಕಲ್ಲ ಅದು. ಇದೆ ಅಂತ ಗೊತ್ತಿರೋಕೆ."

ಪೆನ್‌ಡ್ರೈವನ್ನು ಅಂಗೈಯಲ್ಲಿಟ್ಟು, ಅದರ ತೂಕ ನೋಡುವವರ ಹಾಗೆ ಒಂದೆರಡು ಸಲ ಆಡಿಸಿದರು. ಯಂತ್ರದ ಪಕ್ಕ ಹುಕ್ಕು, ಗುಂಡಿ ಹಾಕಿಡುವ ಹಳೆಯ ಬಿಸ್ಕೆಟ್ ಡಬ್ಬಿಯಿತ್ತು. ಅದರ ಮುಚ್ಚಳ ತೆಗೆದು, ಒಂದು ಚೂರು ಬಿಳಿ ಲೈನಿಂಗ್ ಬಟ್ಟೆಯಲ್ಲಿ ಸುತ್ತಿ, ಹುಕ್ಕುಗಳ ಕೆಳಗೆ ಇಟ್ಟರು. ಮುಚ್ಚಳ ಹಾಕಿ ಒತ್ತಿದರು. ಮತ್ತೆ ಟೇಪು ಕೈಗೆತ್ತಿಕೊಂಡು ನನ್ನ ಕಡೆ ತಿರುಗಿ, "ಈ ಸಲ ತೋಳು ಎಷ್ಟುದ್ದ ಇಡ್ಲಿ? ಕೂಲಿ ಮಾತ್ರ ಪೂರ್ತಿ ತಗೋತೀನಿ" ಎಂದರು.